ಝಕಾತ್ ಕೇಳಿ ಬಂದ ಮನೆಯ ಬಡತನವನ್ನು ಅಳೆಯುವ ಬಗೆ: ಕೊಡಗಿನ ಜಮಾಅತ್ ಸಮಿತಿಗಳಿಗೆ

ಝಕಾತ್ ಎಂದರೆ ಉಳ್ಳ ಮುಸ್ಲಿಮರು ಬಡವರೇ ಮೊದಲಾದವರಿಗೆ ಕಡ್ಡಾಯವಾಗಿ ಕೊಡಬೇಕಾದ ಪಾಲು. ಅದನ್ನು ಕೇಳಿ ಬರುವ ಅರ್ಜಿಗಳನ್ನು ಮಸೀದಿಯ ಜಮಾಅತ್ ಸಮಿತಿಗಳು ನಮ್ಮ ಕಡೆ ಸಾಮಾನ್ಯವಾಗಿ ರಂಜಾನಿನಲ್ಲಿ ಪರಿಶೀಲಿಸುತ್ತವೆ. 2018ರಲ್ಲಿ ರಂಜಾನ್ ಮೇ ತಿಂಗಳ ನಡುವಿನಲ್ಲಿ ಆರಂಭವಾಗಿತ್ತು. ಚಾಂದ್ರಮಾನ ವರ್ಷ ಹತ್ತು ಹನ್ನೊಂದು ದಿನ ಕಿರಿದಾದ್ದರಿಂದ ಅದು ವರ್ಷವರ್ಷವೂ ಹಿಂದೆ ಸರಿಯುತ್ತ 2025ರಲ್ಲಿ ಮಾರ್ಚ್ ಮೊದಲ ವಾರಕ್ಕೂ 2026ರಲ್ಲಿ ಫೆಬ್ರುವರಿ ಮೂರನೆಯ ವಾರಕ್ಕೂ ಬಂದು ತಲುಪಿತು. ರೊಬಸ್ಟಾ ಕಾಫಿಯ ಕೊಯ್ಲು ಇನ್ನೂ ನಡೆಯುತ್ತಿರುವ, ಕರಿಮೆಣಸಿನ ಕೊಯ್ಲು ಶುರುವಾಗುವ ಈ ದಿನಗಳಲ್ಲಿ ತೋಟದ ಕೂಲಿಯಿಂದ ಬದುಕುವ ಮನೆಯೊಳಗೆ ವರ್ಷದ ಬೇರಾವ ತಿಂಗಳಲ್ಲೂ ಇಲ್ಲದಷ್ಟು ಹಣ ಓಡಾಡುತ್ತಿರುತ್ತದೆ. ನಾನಿದ್ದ ಸಮಿತಿಯೊಂದು ಒಂದು ವರ್ಷ ಹೀಗೆ ಕೊಯ್ಲಿನ ತಿಂಗಳ ಗಳಿಕೆಯನ್ನು ನೋಡಿ, ಇವರಿಗೆ ಸಾಕಷ್ಟಿದೆ ಎಂದು ಒಂದು ಅರ್ಜಿಯನ್ನು ಬದಿಗಿಟ್ಟಿತು. ಆ ಮನೆಯ ತಾಯಿ ಮಳೆಗಾಲದಲ್ಲಿ ಮಗುವಿನ ಜ್ವರಕ್ಕೆಂದು ಕಿವಿಯೋಲೆಯನ್ನು ಅಡವಿಟ್ಟ ಸುದ್ದಿ ತಿಳಿದಾಗ ನಾವು ಕೂಡಿಸಿದ ಅಂಕಿಗಳನ್ನೆಲ್ಲ ಮತ್ತೆ ನೋಡಿದೆವು. ಕೂಡಿಸಿದ್ದು ಸರಿಯಾಗಿಯೇ ಇತ್ತು. ತಪ್ಪು ನಾವು ಲೆಕ್ಕ ಹಿಡಿದ ತಿಂಗಳಿನಲ್ಲಿತ್ತು.

ಅಲ್ಲಿಂದ ಮುಂದೆ ನಾವು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಕೈಯಲ್ಲಿ ಒಂದು ನೋಟುಪುಸ್ತಕ, ಜೊತೆಯಲ್ಲಿ ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಇದ್ದರೆ ಯಾವ ಜಮಾಅತ್ ಕೂಡ ಇದನ್ನು ಮಾಡಬಹುದು.

ಬಡವರೆಂದರೆ ಯಾರೆಂಬುದನ್ನು ಮೊದಲು ಬರೆದಿಡಿ

ಝಕಾತ್ ಪಡೆಯಬಲ್ಲ ಎಂಟು ವರ್ಗಗಳನ್ನು ಕುರ್‌ಆನಿನ ತೌಬಾ ಅಧ್ಯಾಯದ 60ನೆಯ ಸೂಕ್ತ ಹೆಸರಿಸುತ್ತದೆ. ಅವುಗಳಲ್ಲಿ ಮೊದಲನೆಯವರು ಫಕೀರರು, ಎರಡನೆಯವರು ಮಿಸ್ಕೀನರು. ಶಾಫಿಈ ಮದ್ಹಬ್ (ಮದ್ಹಬ್ ಎಂದರೆ ಇಸ್ಲಾಮಿನ ಧರ್ಮಶಾಸ್ತ್ರದ ಪಂಥ) ಈ ಎರಡರ ನಡುವೆ ಎಳೆದಿರುವ ಗೆರೆ ಸ್ಪಷ್ಟವಾದದ್ದು: ಹತ್ತು ಬೇಕಾದಲ್ಲಿ ಎರಡೋ ಮೂರೋ ಇರುವವನು ಫಕೀರ, ಏಳೋ ಎಂಟೋ ಇದ್ದು ಹತ್ತನ್ನು ಮುಟ್ಟಲಾರದವನು ಮಿಸ್ಕೀನ. ಅಂದರೆ ಅಗತ್ಯದ ಅರ್ಧವೂ ದಕ್ಕದವರು ಫಕೀರರು, ಅರ್ಧ ದಾಟಿದರೂ ಪೂರ್ತಿ ದಕ್ಕದವರು ಮಿಸ್ಕೀನರು. ಹನಫಿ ಮದ್ಹಬ್ ನಿಸಾಬನ್ನು, ಅಂದರೆ ಝಕಾತ್ ಕೊಡುವ ಹೊಣೆ ಬೀಳುವ ಕನಿಷ್ಠ ಸಂಪತ್ತನ್ನು, ಹಿಡಿದು ನೋಡುತ್ತದೆ. ಮೂಲಭೂತ ಅಗತ್ಯಗಳನ್ನು ಕಳೆದ ಮೇಲೆ ನಿಸಾಬಿನಷ್ಟು ಸಂಪತ್ತು ಉಳಿಯದವನು ಅದರ ಪ್ರಕಾರ ಝಕಾತ್ ಪಡೆಯಬಹುದು, ಮತ್ತು ಏನೇನೂ ಇಲ್ಲದವನನ್ನು ಅದು ಮಿಸ್ಕೀನ ಎಂದು ಕರೆಯುತ್ತದೆ. ಹೆಸರುಗಳು ಎರಡರಲ್ಲೂ ಅದಲುಬದಲಾಗಿರುವುದನ್ನು ಗಮನಿಸಬೇಕು.

ಕೊಡಗಿನಲ್ಲಿ ಇದು ಬರೀ ಗ್ರಂಥದ ಚರ್ಚೆಯಾಗಿ ಉಳಿಯುವುದಿಲ್ಲ. ಮಲಯಾಳ ಮತ್ತು ಬ್ಯಾರಿ ಮಾತನಾಡುವ ಮನೆಗಳು ಹೆಚ್ಚಾಗಿ ಶಾಫಿಈ, ಉರ್ದು ಮಾತನಾಡುವ ಮನೆಗಳು ಹೆಚ್ಚಾಗಿ ಹನಫಿ. ಕುಶಾಲನಗರ, ವಿರಾಜಪೇಟೆ, ಮಡಿಕೇರಿಯಂಥ ಊರುಗಳಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ಇದ್ದಾರೆ. ಯಾವ ಗೆರೆಯನ್ನು ಹಿಡಿಯುತ್ತೀರಿ ಎಂಬುದನ್ನು ಅರ್ಜಿ ಕರೆಯುವ ಮುಂಚೆಯೇ ನಿಮ್ಮ ಖತೀಬರೊಡನೆ (ಮಸೀದಿಯ ಧರ್ಮಗುರು) ಕುಳಿತು ತೀರ್ಮಾನಿಸಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಅರ್ಜಿ ಕೈಗೆ ಬಂದ ಮೇಲೆ, ಅರ್ಜಿದಾರರ ಮುಖ ಕಣ್ಣೆದುರಿಗಿರುವಾಗ, ಗೆರೆ ಎಳೆಯಲು ಹೊರಟರೆ ಅದು ಬೇಕಾದವರ ಕಡೆಗೆ ಬಾಗುತ್ತದೆ. ಮುಂದಿನ ಲೆಕ್ಕವನ್ನು ನಾನು ಶಾಫಿಈ ಕ್ರಮದಲ್ಲಿ ಮಾಡಿ ತೋರಿಸುತ್ತೇನೆ. ಅಗತ್ಯವನ್ನು ಅಳೆಯುವ ಭಾಗ ಹನಫಿ ಸಮಿತಿಗೂ ಬೇಕಾಗುತ್ತದೆ.

ಸರ್ಕಾರದ ಬಡತನ ರೇಖೆಯನ್ನೇ ಏಕೆ ಬಳಸಬಾರದು ಎಂದು ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ತೆಂಡೂಲ್ಕರ್ ಸಮಿತಿಯ ವಿಧಾನದ ಪ್ರಕಾರ 2011-12ರಲ್ಲಿ ಗ್ರಾಮೀಣ ಭಾರತದ ರೇಖೆ ತಿಂಗಳಿಗೆ ತಲಾ 816 ರೂಪಾಯಿ. ರಂಗರಾಜನ್ ಸಮಿತಿ 2014ರಲ್ಲಿ ಅದನ್ನು 972 ಎಂದಿತು. ಇವು ಇಡೀ ದೇಶದಲ್ಲಿ ಬಡವರ ಪಾಲು ಎಷ್ಟೆಂದು ತಿಳಿಯಲು ಹೊರಟ ರೇಖೆಗಳು. ಡಯಾಲಿಸಿಸ್‌ಗೆ ಹೋಗುವ ಅಜ್ಜಿ ಇರುವ ಮನೆಗೂ ಎಲ್ಲರೂ ಗಟ್ಟಿಮುಟ್ಟಾಗಿರುವ ಮನೆಗೂ ಅವು ಒಂದೇ ಅಳತೆಗೋಲನ್ನು ಹಿಡಿಯುತ್ತವೆ. ಬಿಪಿಎಲ್ ಕಾರ್ಡಿಗೆ ರಾಜ್ಯದಲ್ಲಿರುವ ವಾರ್ಷಿಕ 1.2 ಲಕ್ಷ ರೂಪಾಯಿಯ ಆದಾಯ ಮಿತಿಗೂ ಇದೇ ಮಾತು ಸಲ್ಲುತ್ತದೆ. ಕಾರ್ಡು ಇದ್ದರೆ ಅದನ್ನು ಒಂದು ಸುಳಿವಾಗಿ ಬರೆದುಕೊಳ್ಳಿ, ತೀರ್ಪಾಗಿ ಬೇಡ. ಬೇರೆ ರಾಜ್ಯದಿಂದ ತೋಟಕ್ಕೆ ಬಂದು ಲೈನ್ ಮನೆಯಲ್ಲಿ, ಅಂದರೆ ತೋಟದವರು ಕೆಲಸಗಾರರಿಗೆ ಕೊಡುವ ಸಾಲುಮನೆಯಲ್ಲಿ, ಇರುವ ಕಾರ್ಮಿಕನ ಕೈಯಲ್ಲಿ ಇಲ್ಲಿಯ ಕಾರ್ಡು ಇರುವುದಿಲ್ಲ.

ಒಂದು ಮನೆ ಎಂದರೆ ಒಂದು ಒಲೆ

ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಮನೆ. ಒಂದೇ ಸೂರಿನಡಿ ಮದುವೆಯಾದ ಮಗ ಬೇರೆ ಒಲೆ ಹೂಡಿದ್ದರೆ ಅದು ಬೇರೆ ಮನೆ. ದರ್ಸಿನಲ್ಲೋ (ಮಸೀದಿಯ ಧಾರ್ಮಿಕ ಪಾಠಶಾಲೆ) ಹಾಸ್ಟೆಲಿನಲ್ಲೋ ಓದುತ್ತಿರುವ ಮಗ ಮನೆಯ ಹಣದಿಂದ ಓದುತ್ತಿದ್ದರೆ ಅವನೂ ಈ ಮನೆಯವನೇ. ಗಲ್ಫಿನಲ್ಲಿರುವವನನ್ನು ಉಣ್ಣುವವರ ಪಟ್ಟಿಯಿಂದ ಬಿಟ್ಟು, ಅವನು ಕಳುಹಿಸಿದ ಹಣವನ್ನು ಮಾತ್ರ ಆದಾಯದಲ್ಲಿ ಸೇರಿಸಿ. ಕಳುಹಿಸಬಹುದಾಗಿದ್ದ ಹಣವನ್ನು ಸೇರಿಸಬೇಡಿ. ಮಗ ದುಬೈಯಲ್ಲಿದ್ದಾನೆ ಎಂಬ ಒಂದೇ ಮಾತಿನ ಮೇಲೆ ಎಷ್ಟೋ ತಾಯಂದಿರ ಅರ್ಜಿಗಳು ಬಿದ್ದುಹೋಗಿವೆ.

ಜಮಾಅತ್‌ನ ತಿಂಗಳ ವಂತಿಗೆ ಕಟ್ಟಿದ್ದಾರೆಯೇ ಎಂಬ ಪ್ರಶ್ನೆ ಈ ಪುಸ್ತಕದಲ್ಲಿ ಇರಲೇಬಾರದು. ವಂತಿಗೆ ಬಾಕಿ ಉಳಿಸಿಕೊಂಡವರಲ್ಲಿಯೇ ಹೆಚ್ಚು ಬಡವರು ಇರುತ್ತಾರೆ.

ಅಗತ್ಯದ ಪಟ್ಟಿ

ಮಲೇಷ್ಯಾದ ಝಕಾತ್ ಸಂಸ್ಥೆಗಳು ಹದ್ದುಲ್ ಕಿಫಾಯ ಎಂಬ ಅಳತೆಯನ್ನು ಬಳಸುತ್ತವೆ. ಕಿಫಾಯ ಎಂದರೆ ಸಾಕಾಗುವಷ್ಟು. ವಸತಿ, ಆಹಾರ, ಬಟ್ಟೆ, ಚಿಕಿತ್ಸೆ, ಶಿಕ್ಷಣ, ಪ್ರಯಾಣ ಎಂಬ ಬಾಬುಗಳಲ್ಲಿ ಮನೆಯ ಯಜಮಾನನಿಗೆ ಇಷ್ಟು, ಕೆಲಸವಿಲ್ಲದ ವಯಸ್ಕರಿಗೆ ಇಷ್ಟು, ಕಾಲೇಜಿಗೆ ಹೋಗುವವರಿಗೆ ಇಷ್ಟು, ಶಾಲೆಗೆ ಹೋಗುವವರಿಗೆ ಇಷ್ಟು, ಪುಟ್ಟ ಮಕ್ಕಳಿಗೆ ಇಷ್ಟು ಎಂದು ದರ ಕಟ್ಟಿ, ದೀರ್ಘ ಕಾಯಿಲೆ ಅಥವಾ ಅಂಗವೈಕಲ್ಯವಿದ್ದರೆ ಅದರ ಮೇಲೆ ಇನ್ನಷ್ಟು ಸೇರಿಸುತ್ತವೆ. ಈ ರೀತಿಯನ್ನು ನಾವು ಎರವಲು ಪಡೆಯಬಹುದು. ದರ ಮಾತ್ರ ನಮ್ಮ ಊರಿನದೇ ಆಗಬೇಕು. ಪ್ರತಿ ವರ್ಷ ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಲ್ಲಿ ಸಮಿತಿಯ ಇಬ್ಬರು ಸಂತೆಗೂ ದಿನಸಿ ಅಂಗಡಿಗೂ ಔಷಧಿ ಅಂಗಡಿಗೂ ಹೋಗಿ ಬೆಲೆಗಳನ್ನು ಬರೆದು ತರಬೇಕು.

ನಮ್ಮ ಜಿಲ್ಲೆಯಲ್ಲಿ ಕೆಲವು ಬಾಬುಗಳು ಹೊರಗಿನವರ ಲೆಕ್ಕಕ್ಕೆ ಸಿಗುವುದಿಲ್ಲ. ವಸತಿಯನ್ನೇ ನೋಡಿ. ಲೈನ್ ಮನೆಗೆ ಬಾಡಿಗೆ ಇಲ್ಲ, ಗೋಡೆ ಸಿಮೆಂಟಿನದು, ವಿದ್ಯುತ್ ಇದೆ; ಸಮೀಕ್ಷೆಯ ಪಟ್ಟಿಯಲ್ಲಿ ಅದು ಪಕ್ಕಾ ಮನೆ. ಆದರೆ ಕೆಲಸ ಬಿಟ್ಟ ದಿನವೇ ಆ ಮನೆಯನ್ನೂ ಬಿಡಬೇಕಾಗುತ್ತದೆ, ಕೆಲಸಗಾರನಿಗೆ ವಯಸ್ಸಾದಾಗ ಇಡೀ ಸಂಸಾರ ಬೀದಿಗೆ ಬರುವ ಭಯ ಇದ್ದೇ ಇರುತ್ತದೆ. ಬಾಡಿಗೆ ಶೂನ್ಯ ಎಂದು ಬರೆದುಕೊಂಡರೂ ಮನೆ ಯಾರದು ಎಂಬುದನ್ನು ಪಕ್ಕದಲ್ಲಿ ನಮೂದಿಸಿ. ಮಳೆಗಾಲಕ್ಕೆ ಮುಂಚೆ ಹೊದೆಸುವ ಪ್ಲಾಸ್ಟಿಕ್ ಹಾಳೆ, ಒಡೆದ ಹಂಚು, ಬೆಚ್ಚನೆಯ ಹೊದಿಕೆ, ಮಕ್ಕಳ ಕೊಡೆ ಇವೆಲ್ಲ ಇಲ್ಲಿ ಅಗತ್ಯಗಳೇ. ಪ್ರಯಾಣದ ಖರ್ಚನ್ನು ಕಡಿಮೆ ಹಿಡಿಯಬೇಡಿ: ಜಿಲ್ಲೆಯಲ್ಲಿ ರೈಲು ಇಲ್ಲ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದರೂ ಹಲವು ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಮತ್ತು ದೊಡ್ಡ ಕಾಯಿಲೆ ಬಂದರೆ ಮೈಸೂರಿಗೋ ಮಂಗಳೂರಿಗೋ ನೂರು ಕಿಲೋಮೀಟರಿನ ಆಸುಪಾಸು ಹೋಗಬೇಕು. ಆಸ್ಪತ್ರೆಯಲ್ಲಿ ಆಯುಷ್ಮಾನ್ ಯೋಜನೆಯಡಿ ಚಿಕಿತ್ಸೆ ಉಚಿತವಾಗಿ ಸಿಕ್ಕರೂ ಜೊತೆಗೆ ಹೋದವರ ಊಟ, ಬಸ್ಸು, ಕಳೆದುಹೋದ ದಿನಗೂಲಿ ಮನೆಯ ತಲೆಯ ಮೇಲೇ ಬೀಳುತ್ತವೆ.

ಆದಾಯವನ್ನು ಹನ್ನೆರಡು ತಿಂಗಳಿಗೆ ಹರಡಿ

ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಬೇಡಿ. ಈ ಪ್ರಶ್ನೆಗೆ ಕೂಲಿಯವರಲ್ಲಿ ಉತ್ತರವೇ ಇರುವುದಿಲ್ಲ. ಅವರು ಹೇಳುವ ಅಂಕಿ ನಿನ್ನೆ ಮೊನ್ನೆಯ ವಾರದ ಬಟವಾಡೆಯದು. ಬದಲಿಗೆ ವರ್ಷವನ್ನು ಮೂರು ಕಾಲಗಳಾಗಿ ವಿಂಗಡಿಸಿ ಕೇಳಿ: ಕೊಯ್ಲಿನ ಕಾಲ, ಅಂದರೆ ಡಿಸೆಂಬರಿನಿಂದ ಮಾರ್ಚ್, ಮಳೆಗಾಲ, ಜೂನಿನಿಂದ ಸೆಪ್ಟೆಂಬರ್, ಉಳಿದ ನಾಲ್ಕು ತಿಂಗಳು. ಪ್ರತಿಯೊಂದರಲ್ಲೂ ವಾರಕ್ಕೆ ಎಷ್ಟು ದಿನ ಕೆಲಸ, ಎಷ್ಟು ಜನಕ್ಕೆ ಕೆಲಸ, ದಿನಗೂಲಿಯೋ ಕಿಲೋ ಲೆಕ್ಕವೋ, ಮುಂಗಡಕ್ಕೆಂದು ಮುರಿದುಕೊಂಡ ಮೇಲೆ ಕೈಗೆ ಬಂದದ್ದು ಎಷ್ಟು ಎಂದು ಬರೆದುಕೊಳ್ಳಿ. ಮೀನು ಮಾರುವವರು, ಆಟೋದವರು, ಗಾರೆ ಕೆಲಸದವರು, ಮದ್ರಸದ ಉಸ್ತಾದರು ಇವರಿಗೂ ಇದೇ ಮೂರು ಕಾಲ ಸಾಕು. ಮಳೆಗಾಲದಲ್ಲಿ ಗಾರೆ ಕೆಲಸವೂ ನಿಲ್ಲುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ, ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಮೊದಲಾದವನ್ನು ಬರಬೇಕಾದ ಲೆಕ್ಕದಲ್ಲಿ ಹಿಡಿಯದೆ ಪಾಸ್‌ಬುಕ್ ನೋಡಿ ಜಮೆಯಾದಷ್ಟನ್ನೇ ಸೇರಿಸಿ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಕ್ರಮವನ್ನು ತೋರಿಸಲು ನಾನೇ ಹಾಕಿಕೊಂಡವು. ಲೈನ್ ಮನೆಯೊಂದರಲ್ಲಿ ಗಂಡ, ಹೆಂಡತಿ, ವಯಸ್ಸಾದ ತಾಯಿ, ಪಿಯುಸಿ ಓದುವ ಮಗಳು, ಶಾಲೆಗೆ ಹೋಗುವ ಮಗ, ನಾಲ್ಕು ವರ್ಷದ ಮಗು ಇದ್ದಾರೆ ಎಂದುಕೊಳ್ಳಿ. ಪಡಿತರದ ಅಕ್ಕಿಯನ್ನು ಬಿಟ್ಟು ಆಹಾರಕ್ಕೆ 8,500, ಸೌದೆ ಮತ್ತು ಗ್ಯಾಸಿಗೆ 1,000, ಬಟ್ಟೆಗೆ 700, ಮಗಳ ಓದು ಮತ್ತು ಬಸ್ಸಿಗೆ 1,800, ಮಗನಿಗೆ 700, ಮಗುವಿಗೆ 500, ತಾಯಿಯ ಔಷಧಿಗೆ 2,200, ಉಳಿದ ಪ್ರಯಾಣ ಮತ್ತು ಫೋನಿಗೆ 1,200, ಮನೆ ದುರಸ್ತಿಗೆ 600; ಒಟ್ಟು ತಿಂಗಳಿಗೆ 17,200, ವರ್ಷಕ್ಕೆ 2,06,400 ರೂಪಾಯಿ. ಇದು ಆ ಮನೆಯ ಕಿಫಾಯ.

ಇನ್ನು ಗಳಿಕೆ. ಕೊಯ್ಲಿನ ನಾಲ್ಕು ತಿಂಗಳು ಗಂಡಹೆಂಡಿರ ಕೂಲಿ ತಿಂಗಳಿಗೆ 21,000, ನಡುವಿನ ನಾಲ್ಕು ತಿಂಗಳು 14,000, ಮಳೆಗಾಲದ ನಾಲ್ಕು ತಿಂಗಳು 5,000. ಜೊತೆಗೆ ಪ್ರತಿ ತಿಂಗಳೂ ಸರ್ಕಾರದಿಂದ 3,200 ಬಂದಿದೆ. ಮಾರ್ಚಿನಲ್ಲಿ ಈ ಮನೆಗೆ ಹೋದ ಸಮಿತಿಗೆ 24,200 ಕಾಣುತ್ತದೆ. 17,200 ಸಾಕಾದಲ್ಲಿ 7,000 ಉಳಿಯುತ್ತದೆ, ಅರ್ಜಿ ತಿರಸ್ಕೃತವಾಗುತ್ತದೆ. ಜುಲೈಯಲ್ಲಿ ಹೋದವರಿಗೆ ಕಾಣುವುದು 8,200, ಅಗತ್ಯದ ಅರ್ಧಕ್ಕೂ ಕಡಿಮೆ. ಅದೇ ಮನೆ ಈಗ ಫಕೀರರ ಮನೆ. ವರ್ಷವನ್ನೆಲ್ಲ ಕೂಡಿಸಿದರೆ ಬರುವುದು 1,98,400, ಅಗತ್ಯಕ್ಕಿಂತ 8,000 ಕಡಿಮೆ. ಹಾಗಾಗಿ ಇದು ಮಿಸ್ಕೀನರ ಮನೆ, ಝಕಾತಿಗೆ ಅರ್ಹ. ಕೊಯ್ಲಿನ ಹಣದಲ್ಲಿ ಉಳಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳಬಹುದಲ್ಲ ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಿ. ಉಳಿದ ಹಣವೆಲ್ಲ ಹಿಂದಿನ ಮಳೆಗಾಲದ ಅಂಗಡಿ ಸಾಲಕ್ಕೆ ಹೋಗಿರುತ್ತದೆ.

ಈ ಕಾರಣಕ್ಕೇ ಕೊರತೆಯ ಎರಡು ಅಂಕಿಗಳನ್ನು ಬರೆದಿಡಬೇಕೆಂದು ನಾನು ಹೇಳುತ್ತೇನೆ: ಇಡೀ ವರ್ಷದ್ದು ಒಂದು, ಅತಿ ಕಷ್ಟದ ತಿಂಗಳಿನದು ಒಂದು. ಅರ್ಹತೆಯನ್ನು ಮೊದಲನೆಯದು ನಿರ್ಧರಿಸಲಿ, ಹಣವನ್ನು ಯಾವಾಗ ಕೊಡಬೇಕೆಂಬುದನ್ನು ಎರಡನೆಯದು ಹೇಳಲಿ.

ಆಸ್ತಿ, ಚಿನ್ನ, ಸಾಲ

ಮನೆಯಲ್ಲಿ ಟಿವಿ ಇದೆ, ಅಂಗಳದಲ್ಲಿ ಆಟೋ ನಿಂತಿದೆ ಎಂದು ಅರ್ಜಿಯನ್ನು ತಳ್ಳಿಹಾಕುವವರಿಗೆ ನಾನು ಕಹ್ಫ್ ಅಧ್ಯಾಯದ 79ನೆಯ ಸೂಕ್ತವನ್ನು ನೆನಪಿಸುತ್ತೇನೆ. ಕಡಲಿನಲ್ಲಿ ದುಡಿಯುತ್ತಿದ್ದ, ಸ್ವಂತ ದೋಣಿಯಿದ್ದ ಜನರನ್ನು ಅಲ್ಲಿ ಮಿಸ್ಕೀನರೆಂದು ಕರೆಯಲಾಗಿದೆ, ಮತ್ತು ಮಿಸ್ಕೀನನ ಬಳಿ ಸ್ವಲ್ಪ ಆಸ್ತಿ ಇರಬಹುದೆಂಬುದಕ್ಕೆ ಶಾಫಿಈ ವಿದ್ವಾಂಸರು ಅದನ್ನೇ ಆಧಾರವಾಗಿ ಹಿಡಿದಿದ್ದಾರೆ. ದುಡಿಮೆಯ ಉಪಕರಣ, ವಾಸದ ಮನೆ, ತೊಡುವ ಬಟ್ಟೆ, ಓದುವ ಪುಸ್ತಕ ಇವು ಬಡತನವನ್ನು ಅಳಿಸುವುದಿಲ್ಲ. ಆಟೋದಿಂದ ಬರುವ ಬಾಡಿಗೆಯನ್ನು, ಕಂತು ಮತ್ತು ಪೆಟ್ರೋಲು ಕಳೆದು, ಆದಾಯದಲ್ಲಿ ಸೇರಿಸಿ. ಆಟೋವನ್ನೇ ಮಾರಿ ಉಣ್ಣಿ ಎನ್ನಬೇಡಿ.

ಚಿನ್ನದ ಮಾತು ಸೂಕ್ಷ್ಮವಾದದ್ದು. ಧರಿಸುವ ಆಭರಣದ ವಿಷಯದಲ್ಲಿ ಎರಡು ಮದ್ಹಬ್‌ಗಳ ತೀರ್ಪು ಬೇರೆ ಬೇರೆ, ಆದ್ದರಿಂದ ಖತೀಬರನ್ನೇ ಕೇಳಬೇಕು. ಆದರೆ ಎಷ್ಟು ಚಿನ್ನ ಇದೆ ಎಂದು ಕೇಳುವ ಬದಲು ಅಡವಿನ ಚೀಟಿಗಳನ್ನು ತೋರಿಸಲು ಸಾಧ್ಯವೇ ಎಂದು ಮೆಲ್ಲಗೆ ಕೇಳಿದರೆ ಹೆಚ್ಚು ತಿಳಿಯುತ್ತದೆ. ಚೀಟಿಯ ಮೇಲಿನ ದಿನಾಂಕ ಆ ಮನೆಯ ಕಷ್ಟದ ಕಾಲವನ್ನು ನಿಖರವಾಗಿ ಹೇಳುತ್ತದೆ. ದಿನಸಿ ಅಂಗಡಿಯ ಕಡದ ಪುಸ್ತಕ ಇನ್ನೊಂದು ಒಳ್ಳೆಯ ಸಾಕ್ಷಿ. ಮನೆಯವರ ಒಪ್ಪಿಗೆ ಪಡೆದೇ ಅದನ್ನು ನೋಡಬೇಕು.

ಸಾಲವನ್ನು ಅಗತ್ಯದ ಪಟ್ಟಿಗೆ ಸೇರಿಸಬೇಡಿ, ಬೇರೆ ಪುಟದಲ್ಲಿ ಬರೆಯಿರಿ. ಸಾಲದ ಹೊರೆಯಲ್ಲಿರುವವರು, ಅಂದರೆ ಗಾರಿಮೀನ್, ಎಂಟು ವರ್ಗಗಳಲ್ಲಿ ತಾವೇ ಒಂದು ವರ್ಗ. ಮೇಲಿನ ಉದಾಹರಣೆಯ ಮನೆ ಚಿಕಿತ್ಸೆಗೆಂದು ಮಾಡಿದ ಸಾಲಕ್ಕೆ ತಿಂಗಳಿಗೆ 2,500 ಕಟ್ಟುತ್ತಿದ್ದರೆ ವರ್ಷಕ್ಕೆ 30,000 ಆಯಿತು. 8,000ದ ಕೊರತೆ ಕಾಣುವ ಮನೆಯ ನಿಜವಾದ ಇಕ್ಕಟ್ಟು ಅಲ್ಲಿದೆ. ಸಾಲ ಏತಕ್ಕೆ ಆಯಿತು, ಯಾರಿಗೆ ಕೊಡಬೇಕು, ಬಡ್ಡಿ ಎಷ್ಟು, ಬಾಕಿ ಎಷ್ಟು ಎಂಬ ನಾಲ್ಕನ್ನೂ ಬರೆದುಕೊಳ್ಳಿ. ವಾರದ ಕಂತಿನ ಸಂಘಗಳ ಸಾಲವಾದರೆ ಒಬ್ಬರ ಹೆಸರಿನಲ್ಲಿ ಎಷ್ಟು ಸಂಘಗಳಿವೆ ಎಂದು ಎಣಿಸಿ.

ಹೊಟ್ಟೆಯ ಲೆಕ್ಕ

ಅಂಕಿಗಳನ್ನು ಒರೆಗೆ ಹಚ್ಚಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ರೂಪಿಸಿದ ಎಂಟು ಪ್ರಶ್ನೆಗಳ ಅಳತೆ ಬಹಳ ಉಪಯುಕ್ತ. ಕಳೆದ ಹನ್ನೆರಡು ತಿಂಗಳಲ್ಲಿ ಹಣವಿಲ್ಲದ ಕಾರಣ ಊಟದ ಚಿಂತೆ ಆಯಿತೇ, ಪೌಷ್ಟಿಕ ಆಹಾರ ತಪ್ಪಿತೇ, ಒಂದೆರಡು ಬಗೆಯಲ್ಲೇ ಊಟ ಮುಗಿಸಬೇಕಾಯಿತೇ, ಒಂದು ಹೊತ್ತು ಬಿಡಬೇಕಾಯಿತೇ, ಬೇಕಾದ್ದಕ್ಕಿಂತ ಕಡಿಮೆ ಉಂಡರೇ, ಮನೆಯಲ್ಲಿ ಆಹಾರ ಮುಗಿದುಹೋಯಿತೇ, ಹಸಿದೂ ಉಣ್ಣಲಿಲ್ಲವೇ, ಇಡೀ ದಿನ ಉಪವಾಸವಿದ್ದರೇ ಎಂದು ಅದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ನಾವು ಇದನ್ನು ಉಪವಾಸದ ತಿಂಗಳಿನಲ್ಲಿ ಕೇಳುವಾಗ ಒಂದು ಎಚ್ಚರ ಬೇಕು: ವ್ರತದ ಹಸಿವನ್ನೂ ಇಲ್ಲದಿಕೆಯ ಹಸಿವನ್ನೂ ಬೇರೆಯಾಗಿಸಿ, ಹೋದ ಮಳೆಗಾಲವನ್ನು ಹೆಸರಿಸಿ ಕೇಳಿ. “ಉಮ್ಮಾ, ಹೋದ ಕಕ್ಕಡದಲ್ಲಿ ಅಂಗಡಿಯವರು ಕಡ ಕೊಡುತ್ತಿದ್ದರೇ?” ಎಂಬ ಮಾತಿನಿಂದ (ಕಕ್ಕಡ ಎಂದರೆ ಕೊಡಗಿನ ಮಳೆಗಾಲದ ತಿಂಗಳು) ಆರಂಭಿಸಿದರೆ ಎಂಟೂ ಪ್ರಶ್ನೆಗಳು ತಾವಾಗಿ ಹೊರಬರುತ್ತವೆ. ಉತ್ತರ ಹೇಳುವವರು ಅಡುಗೆ ಮಾಡುವವರೇ ಆಗಿರಬೇಕು. ಮನೆಯಲ್ಲಿ ಕೊನೆಗೆ ಉಣ್ಣುವವರಿಗೆ ಗೊತ್ತಿರುವುದು ಗಂಡಸರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಭೇಟಿಗೆ ಹೋಗುವ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲೇಬೇಕು.

ಕೇಳದವರು, ಮತ್ತು ಸಾಕ್ಷಿ ಹೇಳುವವರು

ಒಂದೆರಡು ತುತ್ತಿಗಾಗಿ ಮನೆಮನೆ ಸುತ್ತುವವನು ಮಿಸ್ಕೀನನಲ್ಲ, ಸಾಕಾಗುವಷ್ಟು ಇಲ್ಲದೆಯೂ ಯಾರ ಗಮನಕ್ಕೂ ಬಾರದೆ, ಯಾರನ್ನೂ ಕೇಳದೆ ಇರುವವನೇ ಮಿಸ್ಕೀನ ಎಂಬ ಅರ್ಥದ ಹದೀಸ್, ಅಂದರೆ ಪ್ರವಾದಿಯವರ ವಚನ, ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಅರ್ಜಿ ಹಾಕಿದವರನ್ನು ಮಾತ್ರ ಅಳೆಯುವ ಸಮಿತಿ ಇಂಥವರನ್ನು ಎಂದೂ ಕಾಣುವುದಿಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಮದ್ರಸದ ಉಸ್ತಾದರು, ಔಷಧಿ ಅಂಗಡಿಯವರು ಇವರನ್ನು ಕಂಡು, ಹೆಸರು ಹೇಳಬೇಕಾಗಿಲ್ಲ, ಯಾವ ಬಾಗಿಲಿಗೆ ಹೋಗಬೇಕೆಂದಷ್ಟೇ ಹೇಳಿ ಎಂದು ಕೇಳಿಕೊಳ್ಳಿ.

ಪರಿಶೀಲನೆಗೂ ಹಳೆಯ ಮಾದರಿಯೊಂದಿದೆ. ಸಹೀಹ್ ಮುಸ್ಲಿಮಿನಲ್ಲಿರುವ, ಪ್ರವಾದಿಯವರ ಸಂಗಾತಿ ಕಬೀಸಾ ಹೇಳಿದ ಹದೀಸಿನಲ್ಲಿ, ಕೇಳಲು ಅನುಮತಿಯಿರುವ ಮೂವರ ಹೆಸರು ಬರುತ್ತದೆ: ಇತರರ ಹೊಣೆ ಹೊತ್ತು ಸಾಲಕ್ಕೆ ಸಿಕ್ಕಿದವನು, ವಿಪತ್ತಿನಲ್ಲಿ ಆಸ್ತಿ ಕಳೆದುಕೊಂಡವನು, ಮತ್ತು ತನ್ನವರಲ್ಲಿ ವಿವೇಕಿಗಳಾದ ಮೂವರು ಹೌದೆಂದು ಹೇಳುವಂಥ ಬಡತನಕ್ಕೆ ಬಿದ್ದವನು. ಮೂವರು ಸಾಕ್ಷಿಗಳು ನಮ್ಮಲ್ಲೂ ಸಾಕು. ಆ ಮೂವರನ್ನು ಅರ್ಜಿದಾರರೇ ಆರಿಸಲಿ. ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ ಅವರಲ್ಲಿರಬೇಕೆಂದು ಒತ್ತಾಯಿಸಬೇಡಿ, ಏಕೆಂದರೆ ಅವರಿಗೇ ಮುಂಗಡ ತೀರಿಸಬೇಕಾಗಿರುವ ಮನೆ ಅವರ ಮುಂದೆ ನಿಜ ಹೇಳಲಾರದು. ವಿಪತ್ತಿಗೆ ಸಿಕ್ಕವರಿಗೆ ಬೇರೆ ಪುಟ ಇರಲಿ. 2018ರ ಆಗಸ್ಟಿನ ಭೂಕುಸಿತದಲ್ಲಿ, 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಗಳ ಹೊಳೆದಂಡೆಯ ಮನೆಗಳು ಬಿದ್ದಾಗ, ಹಿಂದಿನ ವರ್ಷದ ಆದಾಯದ ಲೆಕ್ಕಕ್ಕೆ ಅರ್ಥವೇ ಉಳಿದಿರಲಿಲ್ಲ. ಅಂಥಲ್ಲಿ ಕಳೆದುಕೊಂಡದ್ದನ್ನೇ ಅಳೆಯಬೇಕು.

ಮನೆಯ ಫೋಟೋ ಬೇಡ, ಕೊಡುವಾಗಿನ ಫೋಟೋ ಎಂದೂ ಬೇಡ. ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ ಹಾಕಿ, ಹೆಸರು ಮತ್ತು ಸಂಖ್ಯೆಯ ಪಟ್ಟಿಯನ್ನು ಬೇರೆ ಬೀಗದಲ್ಲಿಡಿ. ಸಮಿತಿ ತೀರ್ಮಾನಕ್ಕೆ ಕುಳಿತಾಗ ಸಂಖ್ಯೆಗಳನ್ನು ಮಾತ್ರ ಓದಿ. ಲೈನ್ ಮನೆಗಳಲ್ಲಿ ಪಕ್ಕದ ಬಾಗಿಲಿನ ಆದಿವಾಸಿ ಯರವರೋ ಕುರುಬರೋ ಕೂಡ ಕಷ್ಟದಲ್ಲಿರುವುದು ಭೇಟಿಯ ವೇಳೆ ಕಣ್ಣಿಗೆ ಬೀಳುತ್ತದೆ. ಝಕಾತಿನ ಹಣಕ್ಕೆ ಅದರದೇ ನಿಯಮಗಳಿವೆ, ಆದರೆ ಸದಕಾ, ಅಂದರೆ ಸ್ವಇಚ್ಛೆಯ ದಾನ, ಯಾವ ನೆರೆಯವರಿಗೂ ಸಲ್ಲುತ್ತದೆ. ಅದಕ್ಕೊಂದು ಪ್ರತ್ಯೇಕ ಖಾತೆ ತೆರೆದು ಇದೇ ಲೆಕ್ಕದಿಂದಲೇ ಅವರ ಕೊರತೆಯನ್ನೂ ಅಳೆಯಿರಿ.

ಸಾಲುಗಟ್ಟಿಸುವುದು

ಎಲ್ಲ ಮನೆಗಳಿಗೂ ಸಮಪಾಲು ಹಂಚಿದರೆ ಜಗಳ ಕಡಿಮೆ ಎಂಬುದು ನಿಜ, ಆದರೆ ಯಾವ ಮನೆಯ ಬಡತನವೂ ಪೂರ್ತಿ ನೀಗುವುದಿಲ್ಲ. ಕೊಡುವುದಾದರೆ ಕೊರತೆ ನೀಗುವಂತೆ ಕೊಡಿ ಎಂಬ ಅರ್ಥದ ಖಲೀಫಾ ಉಮರ್ ಅವರ ಮಾತನ್ನು ಹಿಡಿದು, ವರ್ಷದ ಕೊರತೆಯನ್ನು ಅಗತ್ಯದಿಂದ ಭಾಗಿಸಿ ಬಂದ ಶೇಕಡಾವಾರಿನಂತೆ ಮನೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಮೇಲಿನಿಂದ ಒಂದೊಂದಾಗಿ ಪೂರ್ತಿ ತುಂಬುತ್ತ ಬನ್ನಿ. ಎರಡು ಮನೆಗಳು ಸಮನಾಗಿ ನಿಂತರೆ ಎಂಟು ಪ್ರಶ್ನೆಗಳಿಗೆ ಹೆಚ್ಚು ಹೌದು ಎಂದ ಮನೆ ಮುಂದೆ ಹೋಗಲಿ. ದುಡಿಯಬಲ್ಲವರಿಗೆ ಹೊಲಿಗೆ ಯಂತ್ರವೋ ಮೀನಿನ ಪೆಟ್ಟಿಗೆಯೋ ಬಂಡವಾಳವೋ ಕೊಡಬಹುದೆಂದು ಶಾಫಿಈ ವಿದ್ವಾಂಸರು ಹೇಳಿದ್ದಾರೆ. ದುಡಿಯಲಾರದವರಿಗೆ ಇಡೀ ವರ್ಷಕ್ಕೆ ಸಾಲುವಷ್ಟು ಕೊಡಬಹುದು. ಅಂಥ ಮನೆಗಳ ಹಣವನ್ನು ಅವರೇ ಬಯಸಿದರೆ ಮಾತ್ರ ಎರಡು ಕಂತು ಮಾಡಿ, ಎರಡನೆಯದನ್ನು ಜೂನ್ ಆರಂಭದಲ್ಲಿ ತಲುಪಿಸಿ.

ನಂತರ ಕಕ್ಕಡ ತಿಂಗಳ ನಡುವೆ, ಆಗಸ್ಟ್ ಮೊದಲ ವಾರದ ಹೊತ್ತಿಗೆ, ಕೊಟ್ಟ ಮನೆಗಳಿಗೂ ತಿರಸ್ಕರಿಸಿದ ಮನೆಗಳಿಗೂ ಅದೇ ಇಬ್ಬರು ಮತ್ತೆ ಹೋಗಬೇಕು. ಅದೇ ಎಂಟು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ರಂಜಾನಿನ ಉತ್ತರಗಳ ಪಕ್ಕದ ಕಾಲಮಿನಲ್ಲಿ ಬರೆಯಬೇಕು. ತಿರಸ್ಕೃತವಾದ ಯಾವುದಾದರೂ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ಕಂಡರೆ ಮುಂದಿನ ರಂಜಾನಿನವರೆಗೆ ಕಾಯದೆ ಅಂದೇ ಸಮಿತಿಯನ್ನು ಕರೆಯಿರಿ.